ನಿನ್ನ ಕಡೆಯವನೆಂದು ಬಂದ ದಲ್ಲಾಳಿ

ಅಪ್ಪಾ,

ಬಸರಾಳಿನ ನಮ್ಮ ಜಗಲಿಯಲ್ಲಿ ಕೂತು ನೀನು ದಲ್ಲಾಳಿ ಚಿಕ್ಕಣ್ಣನ ಕೈ ಹಿಡಿದುಕೊಂಡದ್ದು ಕಣ್ಣಿಗೆ ಕಟ್ಟಿದಂತಿದೆ. ಮದ್ದೂರಿನ ಹತ್ತಿರ ನಾಲೆ ನೀರು ಹಾಯುವ ಜಮೀನು ಹುಡುಕಿಕೊಡು ಎಂದೆ. "ನಾನು ಮಾರೋನ್ ಕಡೆಯವ್ನಲ್ಲ ಕಣಣ್ಣ, ನಿನ್ ಕಡೆಯವ್ನು. ಒಳ್ಳೇದು ಕೆಟ್ಟದ್ದು ಎಲ್ಲಾನೂವೆ ನಿಂಗೇಳ್ತೀನಿ," ಎಂದ. ಅವ್ವ ಅವನ ಮುದ್ದೆಗೆ ತುಪ್ಪ ಬಡಿಸಿದಳು. ಆ ತುಪ್ಪ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಜಮೀನು ನೋಡಲು ನಾನೂ ಜೊತೆಗೆ ಬಂದಿದ್ದೆ. ಮಳೆ ಹಿಡಿದು ದಿಬ್ಬದ ಮೇಲಿನ ಆ ಜಮೀನಿನಲ್ಲಿ ರಾಗಿ ಹಸಿರಾಗಿತ್ತು, ಕೆಳಗೆ ನಾಲೆ ತುಂಬಿ ಹರಿಯುತ್ತಿತ್ತು. "ಆ ನೀರು ಇಲ್ಲಿಗಂಟ ಅತ್ತತ್ತೇನ್ಲಾ?" ಎಂದು ನೀನು ಕೇಳಿದೆ. "ಅತ್ತದೆ ಏನ್ಮಾಡ್ತದೆ?" ಎಂದು ಚಿಕ್ಕಣ್ಣ ನಕ್ಕ. ನೀನು ಬಸರಾಳಿನ ಹೊಲ ಮಾರಿ ಅದನ್ನು ಕೊಂಡೆ.

ಬೇಸಿಗೆಯಲ್ಲಿ ನೀನು ಬಾವಿ ತೋಡಲು ಇಳಿದದ್ದು... ನಾಲೆ ನೀರು ದಿಬ್ಬ ಹತ್ತಿದ್ದರೆ ನಿನಗೆ ಬಾವಿ ಯಾಕೆ ಬೇಕಿತ್ತು? ಮಣ್ಣು ಕುಸಿಯಿತು. ನಿನ್ನ ತಿಥಿಗೆ ಬಂದ ಚಿಕ್ಕಣ್ಣ ಅವ್ವನಿಗೆ, "ಅಣೇಬರ ಕಣವ್ವ," ಎಂದು ಉಂಡು ಹೋದ.

ಜಮೀನು ಮಾರಿದ ನಿಂಗೇಗೌಡರು ಆಮೇಲೆ ಮದ್ದೂರು ಸಂತೆಯಲ್ಲಿ ಸಿಕ್ಕರು. "ನೀರು ಅತ್ತಕಿಲ್ಲ ಅಂತ ನಿಮ್ ದಲ್ಲಾಳಿಗೆ ಮೊದ್ಲೇ ಯೋಳಿದ್ನಲ್ಲವ್ವ. ಅವ್ನು ನಿಮ್ಗೆ ಯೋಳ್ನಿಲ್ವಾ?" ಎಂದರು. ನಿನಗಾಗಿ ನೋಡಬೇಕಿದ್ದವನು, ನೋಡಿಯೂ ಬಾಯಿ ಮುಚ್ಚಿಕೊಂಡಿದ್ದ! ಅಂದೇ ನನ್ನ ಅಳು ನಿಂತಿತು.

ಸ್ವಾತಂತ್ರ್ಯ ಬಂದ ಈ ವರ್ಷ, ನನ್ನನ್ನು ಕೊಟ್ಟ ಮಳವಳ್ಳಿಯ ಕಡೆಗೇ ಚಿಕ್ಕಣ್ಣ ಬಂದ. ಬಂಡೂರಿನ ಕುರಿ ಸಾಕುವವನೊಬ್ಬನಿಗೆ ಹೊಲ ತೋರಿಸುತ್ತಿದ್ದ. ನಾನು ನೆಟ್ಟಗೆ ಬದುವಿನ ಮೇಲೆ ಹೋಗಿ ನಿಂತೆ. "ನೀರು ಅತ್ತತ್ತಾ ಅಂತ ಕೇಳಿದ್ಯಾ ಅಣ್ಣ? ನಮ್ಮಪ್ಪನೂ ಕೇಳ್ತು. ಇವ್ನು ನಕ್ಕ. ನಮ್ಮಪ್ಪ ಬಾವೀಲಿ ಮಣ್ಣಾಯ್ತು." ಬಂಡೂರಿನವನು ಹೆಗಲ ಮೇಲಿನ ಟವೆಲು ಕೊಡವಿಕೊಂಡು ಹೊರಟೇಹೋದ. ಮಾತು ಊರೂರಿಗೆ ಹಬ್ಬಿತು.

ಮೊನ್ನೆ ಅವನೇ ನನ್ನ ಬಾಗಿಲಿಗೆ ಬಂದು ಕೈಮುಗಿದ. "ಯಾರೂ ನನ್ನ ಕರೀತಿಲ್ಲ ಕಣವ್ವ. ತೆಪ್ಪಾಯ್ತು, ಬುಟ್ಬುಡು."

"ನಮ್ಮಪ್ಪನ್ನೇ ಕೇಳೋಗು," ಎಂದು ಬಾಗಿಲು ಹಾಕಿದೆ.

ನೀನಾಗಿದ್ದರೆ ಹೋಗಲಿ ಬಿಡು ಮಗಳೇ ಎನ್ನುತ್ತಿದ್ದೆಯೇನೋ... ನಾನು ಬಿಡುವುದಿಲ್ಲ ಅಪ್ಪ. ಅವನು ಇನ್ನು ಯಾರಿಗೆ ಎಲ್ಲಿ ಜಮೀನು ತೋರಿಸಲು ನಿಂತರೂ, ಅಲ್ಲಿ ನಾನಿರುತ್ತೇನೆ.

ನಿನ್ನ ಮಗಳು,
ತಾಯಮ್ಮ