ಸದರಿ ಕೆಟಲ್ಲಿನ ವಿಷಯ

ಮೇ ೯, ಸೋಮವಾರ. ಬೆಳಿಗ್ಗೆ

ಚಹಾ ಬಂತು. ನಿನ್ನೆಯಂತೆಯೇ. ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರು, ಪಕ್ಕದಲ್ಲಿ ದಾರ ಕಟ್ಟಿದ ಚೀಲ, ಹಾಲಿನ ಬದಲು ಹೆಬ್ಬೆರಳಿನಷ್ಟು ಡಬ್ಬಿಯಲ್ಲಿ ಕೆನೆ. ಕುದಿಯುವ ನೀರು ಎಲೆಯ ಮೇಲೆ ಬೀಳಬೇಕೆಂಬ ಸಂಗತಿಯನ್ನು ಈ ಹಡಗಿನ ಮಾಲೀಕರಾದ ಅಮೆರಿಕನ್ನರಿಗೆ ಯಾರೂ ತಿಳಿಸಿದಂತಿಲ್ಲ. ಕ್ಲಿಫರ್ಡ್ ಅದನ್ನು ಹನ್ನೊಂದನೆಯ ಡೆಕ್ಕಿನ ಉಪಾಹಾರದ ಕೌಂಟರಿನಲ್ಲಿ ಹಿಡಿದು, ಲಿಫ್ಟಿಗೆ ಕಾದು, ಆರನೆಯ ಡೆಕ್ಕಿನ ಉದ್ದನೆಯ ಓಣಿಯಲ್ಲಿ ನಡೆದು, ಸ್ವಲ್ಪ ಚೆಲ್ಲಿಕೊಂಡು ತಂದ. ಒಂದು ಗುಟುಕು ಕುಡಿದೆ. ಕೆಳಗಿಟ್ಟೆ.

"ಆರಿದ್ಯಾ?"

"ಆರಬೇಕಾದ್ರೆ ಮೊದ್ಲು ಕಾದಿರ್ಬೇಕು."

ಇನ್ನೊಮ್ಮೆ ಹೋಗಿ ಬಂದ. ಅದೂ ಅಷ್ಟೇ. ಮೊಣಕಾಲು ನೀವಿಕೊಳ್ಳುತ್ತ ಕುಳಿತ.

ಈ ಕೆಳಕಂಡ ಸಂಗತಿಯನ್ನು ದಾಖಲಿಸುವುದು ಅಗತ್ಯ. ಮದುವೆಯಾದಾಗಿನಿಂದ ಬೆಳಗಿನ ಚಹಾ ತರುವವನು ಕ್ಲಿಫರ್ಡ್. ಹ್ಯಾಲಿಫ್ಯಾಕ್ಸಿನ ನಮ್ಮ ಮನೆಯಲ್ಲಿ ಅಡುಗೆಮನೆ ಕೆಳಗೆ, ಮಲಗುವ ಕೋಣೆ ಮೇಲೆ. ತಂದುಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಮಂಚದ ತುದಿಯಲ್ಲಿ ಕುಳಿತಿದ್ದು, ಖಾಲಿ ಬಟ್ಟಲು ತೆಗೆದುಕೊಂಡು ಇಳಿದುಹೋಗುವುದು ವಾಡಿಕೆ. ನಾವು ಮಾತು ಬಿಟ್ಟ ದಿನಗಳಲ್ಲಿಯೂ ಅದು ತಪ್ಪಿಲ್ಲ. ನಾವಿಬ್ಬರೂ ಹೆಚ್ಚು ಮಾತಿನವರಲ್ಲ. ಬಟ್ಟಲು ಬಂದರೆ ಎಲ್ಲ ಸರಿಯಾಗಿದೆ ಎಂದು ಅರ್ಥ. ಅದು ಬಿಸಿಯಾಗಿರಬೇಕೆಂದು ಬಯಸುವುದು ದುರಾಸೆಯೆಂದು ನಾನು ಭಾವಿಸಿಲ್ಲ.

ಅದೇ ದಿನ, ಸಂಜೆ

ನಮ್ಮ ಪ್ರಯಾಣದ ಕೆಟಲ್ ಹಡಗಿನ ಭದ್ರತೆಯವರ ವಶದಲ್ಲಿದೆ. ಇದಕ್ಕೆ ನಾನೇ ಕಾರಣಳೆಂದು ಕ್ಲಿಫರ್ಡ್ ಬಾಯಿಬಿಟ್ಟು ಹೇಳಿಲ್ಲ. ಹಡಗು ಹತ್ತುವ ಹಿಂದಿನ ದಿನ, "ಸ್ವೆಟರ್ ಒಳಗೆ ಸುತ್ತಿ ಇಟ್ಬಿಡೋಣ, ಯಾರ್ ನೋಡ್ತಾರೆ?" ಎಂದಿದ್ದ. ನಾನು ಒಪ್ಪಲಿಲ್ಲ. ಕ್ಯಾಬಿನ್ನಿನಲ್ಲಿ ಕೆಟಲ್ ಕೂಡದು, ಬೆಂಕಿಯ ಭಯ ಎಂದು ಮುದ್ರಿತ ನಿಯಮವಿತ್ತು. ಸೌತಾಂಪ್ಟನ್ನಿನಲ್ಲಿ ನಾನೇ ಹೊರತೆಗೆದು ಮೇಜಿನ ಮೇಲಿಟ್ಟೆ, ಲಿಖಿತ ಅನುಮತಿ ಕೋರಿದೆ. ಅಲ್ಲಿದ್ದ ಹುಡುಗಿ ಕೆಟಲ್ಲಿಗೆ ಚೀಟಿ ಕಟ್ಟಿ ಒಳಗೆ ಒಯ್ದಳು. "ವಾಪಸ್ ಬರೋವಾಗ ಕೊಡ್ತೀವಿ, ಮೇಡಂ."

ಬಚ್ಚಿಡುವ ಜನ ನಾವಲ್ಲ.

ಮೇ ೧೦, ಮಂಗಳವಾರ

ಅರ್ಜಿ ಸಲ್ಲಿಸಿದೆ. ಪ್ರಯಾಣಿಕರ ಸೇವೆಯ ಮೇಜಿನಲ್ಲಿ, ಕೈಯಾರೆ. ಮೂರು ಹಾಳೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ವಕೀಲರ ಕಚೇರಿಯಲ್ಲಿ ಅರ್ಜಿ, ಪ್ರಮಾಣಪತ್ರ, ಮನವಿಗಳ ನಕಲು ತೆಗೆದವಳಿಗೆ ಇದು ಕಷ್ಟವಲ್ಲ. ಮೊದಲು ಸಂಗತಿ, ಅನಂತರ ಹಾನಿ, ಕೊನೆಗೆ ಕೋರಿಕೆ. ಸದರಿ ನೀರಿನ ಉಷ್ಣತೆ, ಸದರಿ ಕೆನೆಯ ಅಯೋಗ್ಯತೆ, ಅರ್ಜಿದಾರಳ ಪತಿಯ ಮೊಣಕಾಲು.

ಮೇಜಿನ ಹುಡುಗಿ ಓದಿದಳು. "ಇದನ್ನ ನೀವೇ ಬರೆದ್ರಾ, ಮೇಡಂ? ಎಷ್ಟ್ ಚೆನ್ನಾಗಿದೆ!"

"ಚೆನ್ನಾಗಿರೋದು ಬೇಕಿಲ್ಲ. ಕೆಲಸ ಆಗ್ಲಿ."

ಸಂಜೆಗೆ ಉತ್ತರ ಬಂತು. ವಿಷಾದಿಸುತ್ತಾರೆ. ಜೊತೆಗೊಂದು ಉಚಿತ ಕೂಪನ್. ಐಸ್ ಹಾಕಿದ ಚಹಾಕ್ಕೆ.

ಕ್ಲಿಫರ್ಡ್ ನಕ್ಕ. ನಾನು ನಗಲಿಲ್ಲ. ಅವನು ನಗು ನಿಲ್ಲಿಸಿದ.

ಮೇ ೧೧, ಬುಧವಾರ. ಬರ್ಗನ್ ಬಂದರು

ಬಿಸಿ.

ದಪ್ಪ ಪಿಂಗಾಣಿಯ ಬಟ್ಟಲು, ನೀಲಿ ಪಟ್ಟೆಯದು, ಹಡಗಿನದಲ್ಲ. ಇಟ್ಟಿಗೆಯ ಬಣ್ಣದ ಚಹಾ. ನಿಜವಾದ ಹಾಲು. ಹಿಡಿಯ ಹೊರತು ಬೇರೆಲ್ಲೂ ಮುಟ್ಟಲಾಗದಷ್ಟು ಬಿಸಿ. ಕನ್ನಡಕದ ಮೇಲೆ ಆವಿ ಕೂತು ಕ್ಲಿಫರ್ಡ್ ಕಾಣದಾದ.

"ಎಲ್ಲಿಂದ ತಂದೆ?"

"ಸಿಕ್ತು."

"ಯಾರ ಹತ್ರ?"

"ಕುಡಿ, ಎನಿಡ್. ಆರುತ್ತೆ."

ತಳದವರೆಗೆ ಕುಡಿದೆ. ಹೊರಗೆ ಬರ್ಗನ್ನಿನಲ್ಲಿ ಮಳೆ. ಊರು ನೋಡಲು ಇಳಿದೆವು. ಅವನ ತೋಳು ಹಿಡಿದುಕೊಂಡೆ.

ಮೇ ೧೪, ಶನಿವಾರ

ಎರಡು ದಿನ ಬರೆಯಲಿಲ್ಲ. ದೂರಲು ಏನೂ ಇಲ್ಲದಿದ್ದರೆ ಬರೆಯುವುದಾದರೂ ಏನು? ದಿನವೂ ಬಿಸಿ. ದಿನವೂ ನೀಲಿ ಪಟ್ಟೆ. ಕ್ಯಾಬಿನ್ ಗುಡಿಸುವ ರೊಮೆಲ್, ಫಿಲಿಪ್ಪೀನ್ಸಿನವನು, ಬಟ್ಟಲನ್ನು ನೋಡಿದ, ನನ್ನನ್ನು ನೋಡಿದ, ಹಾಸಿಗೆಯ ಚಾದರ ಎಳೆಯುತ್ತ ಏನೋ ಗುನುಗಿದ.

ಒಂದು ಅಂಶ ಮಾತ್ರ. ಕ್ಲಿಫರ್ಡ್ ಹೋಗಿ ಬರಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದೆ. ಆದರೂ ಚಹಾ ಬಿಸಿ. ಹೇಗೆಂದು ತಿಳಿಯದು. ಈಗ ಹೋಗುವ ಮೊದಲೇ ಗಡ್ಡ ಹೆರೆದುಕೊಳ್ಳುತ್ತಾನೆ.

ಮೇ ೧೫, ಭಾನುವಾರ. ರಾತ್ರಿಯೂಟದ ಬಳಿಕ

ತಿಳಿಯಿತು.

ಊಟದ ಮೇಜಿಗೆ ಹೊಸಬಳೊಬ್ಬಳು ಬಂದು ಕುಳಿತಳು. ಮಿಸೆಸ್ ಬೆರಿಲ್ ಪಿಲ್ಲಿಂಗ್, ವಿಧವೆ, ರೋಚ್‌ಡೇಲಿನವಳು. ಅಂದರೆ ನಮ್ಮ ಗುಡ್ಡದ ಆಚೆಯವಳು, ಲ್ಯಾಂಕಷೈರಿನವಳು. ಗುಡ್ಡದ ಈಚೆಯವರಿಗೂ ಆಚೆಯವರಿಗೂ ತಲೆಮಾರುಗಳಿಂದ ಆಗಿಬರದು; ಹೆಚ್ಚು ಹೇಳಬೇಕಿಲ್ಲ. ನಮ್ಮ ಓಣಿಯಲ್ಲೇ, ನಾಲ್ಕು ಬಾಗಿಲು ಆಚೆ ಅವಳ ಕ್ಯಾಬಿನ್.

"ನೀನೇನಾ ಎನಿಡ್! ಹೆಂಗಿದೆ ಚಿನ್ನ, ನನ್ ಟೀ?"

ನನ್ನನ್ನು ಹೆಸರು ಹಿಡಿದು ಕರೆಯಲು ನಾನು ಅನುಮತಿ ಕೊಟ್ಟಿರಲಿಲ್ಲ. "ಯಾವ ಟೀ?"

"ಬೆಳಗ್ಗೆದು! ಯಾಕೆ, ನಿನ್ ಗಂಡ ಹೇಳಿಲ್ವಾ? ಕೆಟಲ್ ತಂದಿದೀನಿ ಕಣೇ. ಬಿಸಿನೀರಿನ ಚೀಲದ ಉಣ್ಣೆ ಕವರ್ ಒಳಗೆ ತುರುಕಿ, ಮೇಲೆ ನನ್ ಒಳಬಟ್ಟೆ ಎಲ್ಲಾ ಹರಡ್ಬಿಟ್ಟಿದ್ದೆ. ಚೆಕ್ ಮಾಡೋ ಹುಡ್ಗ ಪೆಟ್ಟಿಗೆ ತೆಗೆದ, ನೋಡ್ದ, ಟೊಮೇಟೊ ಥರ ಕೆಂಪಗಾಗಿ ಮುಚ್ಚೇಬಿಟ್ಟ!"

ಮೇಜೆಲ್ಲ ನಕ್ಕಿತು. ಕ್ಲಿಫರ್ಡ್ ಕೂಡ.

"ಮತ್ತೆ ಎಷ್ಟ್ ಮಾತಾಡ್ತಾನಪ್ಪಾ ನಿನ್ ಗಂಡ! ಶುರು ಹಚ್ಕೊಂಡ್ರೆ ನಿಲ್ಸೋದೇ ಇಲ್ಲ. ಅವರಪ್ಪನ ಪಾರಿವಾಳ ಪಂದ್ಯ ಗೆದ್ದು, ಮನೆಗೆ ಬಂದು ಛಾವಣಿ ಮೇಲೆ ಕೂತು ಕೆಳಗೇ ಇಳೀಲಿಲ್ವಂತಲ್ಲ, ಅದನ್ ಹೇಳೋವಾಗ ನಾನು ನಕ್ಕೂ ನಕ್ಕೂ..."

"ಯಾವ ಪಾರಿವಾಳ?" ಎಂದು ಕ್ಲಿಫರ್ಡನನ್ನು ಕೇಳಿದೆ.

"ಹಳೇದು ಬಿಡು," ಎಂದ.

ನನ್ನ ಮಾವ ಪಾರಿವಾಳ ಸಾಕಿದ್ದರೆಂಬುದು ಗೊತ್ತಿತ್ತು. ಛಾವಣಿಯ ಸಂಗತಿ ಗೊತ್ತಿರಲಿಲ್ಲ.

ಮೇ ೧೬, ಸೋಮವಾರ

ಅವನು ಹೊರಟ ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಓಣಿಯಲ್ಲಿ ನಿಂತೆ. ನಾಲ್ಕು ಬಾಗಿಲು ಆಚೆಯಿಂದ ಕ್ಲಿಫರ್ಡನ ನಗು. ಗಂಟಲಿನಿಂದಲ್ಲ, ಹೊಟ್ಟೆಯಿಂದ ಬರುವ ನಗು. ಅದು ಅವನದೆಂದು ಗುರುತಿಸಲು ನನಗೆ ಒಂದು ಕ್ಷಣ ಬೇಕಾಯಿತು.

ಮರಳಿ ಬಂದು ಮಲಗಿದೆ. ಬಟ್ಟಲು ಬಂತು. ಮೊದಲ ಬಟ್ಟಲನ್ನು ಅವಳ ಜೊತೆ ಕುಡಿದು, ಎರಡನೆಯದನ್ನು ನನಗೆ ಹೊತ್ತು ತರುತ್ತಾನೆ. ಬಿಸಿಯಾಗಿಯೇ ಇತ್ತು. ಅದೇ ಹೆಚ್ಚಿನ ಅನ್ಯಾಯ.

ಮಧ್ಯಾಹ್ನ ಈ ಕೆಳಗಿನಂತೆ ಬರೆದು ಪ್ರಯಾಣಿಕರ ಸೇವೆಯ ಮೇಜಿಗೆ ಕೊಟ್ಟೆ: "ಆರನೆಯ ಡೆಕ್ಕಿನ ಮಿಸೆಸ್ ಬೆರಿಲ್ ಪಿಲ್ಲಿಂಗ್ ಅವರ ಕ್ಯಾಬಿನ್ನಿನಲ್ಲಿ ನಿಯಮಬಾಹಿರವಾಗಿ ಕೆಟಲ್ ಬಳಕೆಯಲ್ಲಿರುವುದು ನನ್ನ ಗಮನಕ್ಕೆ ಬಂದಿದ್ದು, ಹಡಗಿನಲ್ಲಿರುವ ಸಮಸ್ತರ ಪ್ರಾಣರಕ್ಷಣೆಯ ದೃಷ್ಟಿಯಿಂದ ತಾವು ತಕ್ಷಣ ಕ್ರಮ ಕೈಗೊಳ್ಳಬೇಕಾಗಿ ವಿನಂತಿ." ಕೆಳಗೆ ಪೂರ್ಣ ಹೆಸರು, ಕ್ಯಾಬಿನ್ ಸಂಖ್ಯೆ, ಸಹಿ. ಹೆಸರಿಲ್ಲದ ಪತ್ರ ಬರೆಯುವುದು ಹೇಡಿಗಳ ಕೆಲಸ.

ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ನನ್ನ ಕೆಟಲ್ ಬೆಂಕಿ ಹಚ್ಚುವುದಾದರೆ ಅವಳದೂ ಹಚ್ಚುತ್ತದೆ.

ಮೇ ೧೭, ಮಂಗಳವಾರ

ಬೆಳಿಗ್ಗೆಯೇ ಇಬ್ಬರು ಬಿಳಿ ಅಂಗಿಯವರು ಬಂದರು. ಕ್ಲಿಫರ್ಡ್ ಅಲ್ಲೇ ಇದ್ದನಂತೆ. ಅವನ ಕೈಯಲ್ಲಿ ಬಟ್ಟಲಿದ್ದಾಗಲೇ ಗೋಡೆಯ ಪ್ಲಗ್ಗಿನಿಂದ ಕೆಟಲ್ ಕಿತ್ತುಕೊಂಡು ಹೋದರು.

ಬರಿಗೈಯಲ್ಲಿ ಬಂದು ಮಂಚದ ತುದಿಯಲ್ಲಿ ಕುಳಿತ.

"ನೀನಾ ಬರ್ದಿದ್ದು?"

"ಸಹಿ ಹಾಕಿದೀನಿ."

"ಹೌದು. ನೀನು ಹಾಕೇ ಹಾಕಿರ್ತೀಯ."

"ನಿಯಮ ಎಲ್ಲರಿಗೂ ಒಂದೇ, ಕ್ಲಿಫರ್ಡ್."

"ಅವ್ಳು ನಿಂಗೂ ಕೊಡ್ತಿದ್ಲಲ್ಲ, ಎನಿಡ್. ದಿನಾ ಅವ್ಳೇ ನೆನಪು ಮಾಡೋಳು. ಕುಡ್ದಾಯ್ತಲ್ಲ, ಇನ್ನೊಂದ್ಸಲ ಕುದಿಸ್ತೀನಿ, ಮೊದ್ಲು ಎನಿಡ್‌ಗೆ ಬಿಸಿಬಿಸಿ ತಗೊಂಡ್ಹೋಗು ಅಂತ."

ಉತ್ತರ ಕೊಡಬಹುದಿತ್ತು. ಕನ್ನಡಕ ಒರೆಸಿಕೊಂಡೆ.

ಮಧ್ಯಾಹ್ನ ಕ್ಯಾಬಿನ್ ಗುಡಿಸಲು ಬೇರೆ ಹುಡುಗ ಬಂದ. ರೊಮೆಲ್ ಎಲ್ಲಿ ಎಂದು ಕೇಳಿದೆ. ಅವಳ ಕ್ಯಾಬಿನ್ನನ್ನೂ ಗುಡಿಸುತ್ತಿದ್ದವನು ಕೆಟಲ್ ಕಂಡೂ ತಿಳಿಸಲಿಲ್ಲವೆಂದು ಕೆಳಗಿನ ಡೆಕ್ಕಿಗೆ ಹಾಕಿದ್ದಾರೆ. ಇದನ್ನು ನಾನು ಕೋರಿರಲಿಲ್ಲ.

ಮೇ ೧೮, ಬುಧವಾರ

ಚಹಾ ಇಲ್ಲ.

ಎಚ್ಚರವಾದಾಗ ಕ್ಲಿಫರ್ಡ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನಿದ್ದೆಯಲ್ಲಿರಲಿಲ್ಲ. ಅವನ ಉಸಿರು ನನಗೆ ಗೊತ್ತು.

"ಏಳಲ್ವಾ?"

"ಮೊಣಕಾಲು," ಎಂದ.

ಮಂಡಿಯ ನೋವು ನಿಜವಿರಬಹುದು. ಮದುವೆಯಾದಾಗಿನಿಂದ ಇಂಥ ಬೆಳಗು ಬಂದಿರಲಿಲ್ಲ.

ಮೇ ೧೯, ಗುರುವಾರ

ಇಂದೂ ಇಲ್ಲ.

ಗಾಳಿಗೆಂದು ಹೊರಗಿನ ಡೆಕ್ಕಿಗೆ ಹೋದಾಗ ಮಿಸೆಸ್ ಪಿಲ್ಲಿಂಗ್ ಕಂಬಳಿ ಹೊದ್ದು ಕುಳಿತಿದ್ದಳು. ತಿರುಗಿ ಹೊರಟವಳನ್ನು ಕರೆದಳು. ಜಗಳವಾದೀತೆಂದು ಸಿದ್ಧಳಾಗಿ ನಿಂತೆ. ನಾನು ನಿಯಮದ ಪರ ಮಾತನಾಡುವವಳಿದ್ದೆ.

"ಕೆಟಲ್ ಹೋದ್ರೆ ಹೋಗ್ಲಿ ಬಿಡು, ನಂಗೇನೂ ಬೇಜಾರಿಲ್ಲ. ನಂಗೆ ಕರುಳು ಚುರ್ ಅನ್ನೋದು ಪಾಪ ಅವನನ್ನ ನೋಡಿದ್ರೆ. ಮೊದಲ್ನೇ ದಿನ ಟೀ ಕೊಟ್ಟೆ ನೋಡು, ಗಟಗಟ ಅಂತ ಬಾಯಿಗಿಟ್ಕೊಂಡು ನಾಲಿಗೆ ಸುಟ್ಕೊಂಡ! ಏನಪ್ಪಾ ಕ್ಲಿಫ್, ಟೀ ಕುಡಿದೇ ಗೊತ್ತಿಲ್ವಾ ಅಂದೆ. ಮದ್ವೆ ಆದ್ಮೇಲೆ ಬಿಸಿ ಟೀ ಕುಡೀತಿರೋದು ಇದೇ ಮೊದ್ಲು, ಹೆಂಗ್ ಕುಡೀಬೇಕು ಅಂತ್ಲೇ ಮರ್ತೋಗಿದೆ ಅಂದ. ಇಬ್ರೂ ನಕ್ಕಿದ್ದೇ ನಕ್ಕಿದ್ದು."

"ಅದು ಸುಳ್ಳು," ಎಂದೆ. "ನಮ್ಮನೇಲಿ ಟೀ ಯಾವಾಗ್ಲೂ ಬಿಸಿ."

"ನಿಂದು ಬಿಸಿ, ಚಿನ್ನ. ನಿಂದು."

ನನಗೆ ಅರ್ಥವಾಗಲಿಲ್ಲವೆಂದು ಅವಳಿಗೆ ಅರ್ಥವಾಯಿತು. ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. ನಮ್ಮ ಮನೆಯಲ್ಲಿ ಚಹಾವನ್ನು ಪಾಟಿನಲ್ಲೇ ಬಿಟ್ಟರೆ ಕಹಿಯಾಗುತ್ತದೆಂದು ಎರಡೂ ಬಟ್ಟಲಿಗೆ ಒಟ್ಟಿಗೆ ಬಗ್ಗಿಸಬೇಕು. ಮೆಟ್ಟಿಲು ಕಡಿದಾಗಿದ್ದು, ಒಂದು ಕೈ ಕಂಬಿಗೆ ಬೇಕು, ಆದ್ದರಿಂದ ಮೇಲೆ ಬರುವುದು ಒಂದೇ ಬಟ್ಟಲು. ನಾನು ಮುಗಿಸುವವರೆಗೆ ಅವನು ಕುಳಿತಿರಬೇಕು. ಇಳಿದುಹೋಗುವಷ್ಟರಲ್ಲಿ ಅವನ ಬಟ್ಟಲಿನ ಮೇಲೆ ಕೆನೆ ಕಟ್ಟಿರುತ್ತದೆ.

"ಹೊಸದಾಗಿ ಮಾಡ್ಕೋಬಹುದಿತ್ತಲ್ಲ," ಎಂದೆ.

"ನಾನೂ ಅದನ್ನೇ ಕೇಳ್ದೆ. ಕೆಟಲ್ ಎರಡ್ನೇ ಸಲ ಕುದಿಸೋ ಸದ್ದು ಕೇಳಿದ್ರೆ ನೀನು ಮೇಲಿಂದ ಕೂಗ್ತೀಯಂತೆ, ಎರಡು ಸಲ ಕುದ್ದ ನೀರು ಸತ್ತ ನೀರು ಅಂತ." ಅವಳು ಕಂಬಳಿ ಸರಿಪಡಿಸಿಕೊಂಡಳು. "ಬೈದು ಹೇಳ್ಲಿಲ್ಲ ಕಣೇ. ನಗ್ತಾ ಹೇಳ್ದ. ನಿನ್ ವಿಷ್ಯ ಅವ್ನು ಯಾವಾಗ್ಲೂ ನಗ್ತಾನೇ ಹೇಳೋದು."

ನಾನು ಹಾಗೆ ಕೂಗುವುದು ನಿಜ. ಎರಡು ಸಲ ಕುದಿಸಿದ ನೀರು ರುಚಿ ಕೆಡುವುದೂ ನಿಜ.

ಅವಳು ಕುರ್ಚಿ ತೋರಿಸಿದಳು. ಕುಳಿತುಕೊಳ್ಳಲಿಲ್ಲ. ಉಪಕಾರವಾಯಿತೆಂದು ಹೇಳಿ ಬಂದೆ.

ಮೇ ೨೦, ಶುಕ್ರವಾರ

ಬೆಳಿಗ್ಗೆ ನಾನೇ ಹೋದೆ. ಹನ್ನೊಂದನೆಯ ಡೆಕ್ಕಿನಲ್ಲಿ ಸಾಲು. ಯಂತ್ರದ ಬಾಯಿಯಿಂದ ನೀರು ಬೀಳುವುದನ್ನು ನೋಡಿದೆ. ಆವಿಯೇ ಇಲ್ಲ. ಎರಡು ಬಟ್ಟಲು ತುಂಬಿಸಿ ಟ್ರೇಯಲ್ಲಿಟ್ಟುಕೊಂಡೆ. ಲಿಫ್ಟಿನಲ್ಲಿ ಜನ. ಮೂರನ್ನು ಬಿಟ್ಟು ನಾಲ್ಕನೆಯದಕ್ಕೆ ಹತ್ತಿದೆ. ಓಣಿ ಇಷ್ಟು ಉದ್ದವಿದೆಯೆಂದು ಗೊತ್ತಿರಲಿಲ್ಲ. ಹಡಗು ವಾಲಿದಾಗಲೆಲ್ಲ ನಿಲ್ಲಬೇಕಾಯಿತು.

ಮೊದಲು ಅವನ ಬಟ್ಟಲನ್ನು ಕೊಟ್ಟೆ. ಎದ್ದು ಕುಳಿತು, ನನ್ನನ್ನು ನೋಡಿ, ತೆಗೆದುಕೊಂಡ. ಕುಡಿದ.

"ಬಿಸಿ ಇದ್ಯಾ?"

"ಇಲ್ಲ."

"ಇನ್ನೊಂದ್ಸಲ ತರ್ಲಾ?"

"ಬೇಡ ಬಿಡು. ನಂಗೆ ಅಭ್ಯಾಸ ಇದೆ."

ಕೊಂಕಿಲ್ಲ, ಕೋಪವಿಲ್ಲ. ಹೊತ್ತು ಎಷ್ಟಾಯಿತು ಎಂದು ಹೇಳುವಂತೆ ಹೇಳಿದ. ತಳದವರೆಗೆ ಕುಡಿದು ಬಟ್ಟಲನ್ನು ಟ್ರೇಯಲ್ಲಿಟ್ಟ. ಕೋಪವಿದ್ದಿದ್ದರೆ ಉತ್ತರ ಕೊಡಬಹುದಿತ್ತು. ಉತ್ತರ ನನ್ನ ಬಳಿ ಯಾವಾಗಲೂ ಇರುತ್ತದೆ.

ಆಮೇಲೆ ದಿನವಿಡೀ ಸಜ್ಜನಿಕೆಯಿಂದ ನಡೆದುಕೊಂಡ. ಬಾಗಿಲು ಹಿಡಿದ. ಶಾಲು ತಂದುಕೊಟ್ಟ. ಮಾತು ಮಾತ್ರ ಅಗತ್ಯವಿದ್ದಷ್ಟೇ. ನಾವು ಮೊದಲಿನಿಂದಲೂ ಹೀಗೆಯೇ ಇದ್ದೆವು, ಬದಲಾದದ್ದೇನೂ ಇಲ್ಲ ಎಂದು ವಾದಿಸಬಹುದು. ಆದರೆ ಆ ಹೊಟ್ಟೆಯ ನಗುವನ್ನು ನಾನು ಓಣಿಯಲ್ಲಿ ನಿಂತು ಕೇಳಿದ್ದೇನೆ.

ಮೇ ೨೧, ಶನಿವಾರ. ಸೌತಾಂಪ್ಟನ್. ಬೆಳಕು ಹರಿಯುವ ಮೊದಲು

ಹಡಗು ನಿಂತಿದೆ. ಎಂಜಿನ್ನಿನ ಸದ್ದು ಇಲ್ಲದೆ ಎಚ್ಚರವಾಯಿತು. ಪೆಟ್ಟಿಗೆಗಳನ್ನು ರಾತ್ರಿಯೇ ಹೊರಗಿಟ್ಟಾಗಿದೆ. ಕ್ಲಿಫರ್ಡ್ ನಿದ್ದೆಯಲ್ಲಿದ್ದಾನೆ. ಈ ಸಲ ನಿಜವಾದ ನಿದ್ದೆ.

ಮನೆ ಸೇರಿದರೆ ಅವನು ನಾಳೆಯಿಂದ ಮತ್ತೆ ಬಟ್ಟಲು ಹಿಡಿದು ಮೆಟ್ಟಿಲು ಹತ್ತುತ್ತಾನೆ. ಏನೂ ಹೇಳುವುದಿಲ್ಲ. ಅದು ಬಿಸಿಯಾಗಿರುತ್ತದೆ. ಅದನ್ನು ನಾನು ಹೇಗೆ ಕುಡಿಯಲಿ? ಆದ್ದರಿಂದ ಹೇಳುವುದನ್ನು ಇಲ್ಲಿಯೇ, ಅವನು ಏಳುವಷ್ಟರಲ್ಲಿ, ಬರೆದುಕೊಂಡು ಸಿದ್ಧಳಾಗಿರುವುದು ಸೂಕ್ತ.

"ದಿನಾಂಕ ಹದಿನಾರರಂದು ನಾನು ಸಲ್ಲಿಸಿದ ದೂರಿನಿಂದ ನಿನಗೆ ಉಂಟಾದ ಅನಾನುಕೂಲಕ್ಕೆ..."

ಅಲ್ಲ. ಹೊಡೆದುಹಾಕಿದೆ.

"ನಿನ್ನ ಬಟ್ಟಲಿನ ವಿಷಯ ನನಗೆ ತಿಳಿಸದೆ ಇದ್ದುದು ನಿನ್ನ ಕಡೆಯ..."

ಅದೂ ಅಲ್ಲ.

ಅವನು ಹೊರಳಿದ. ಕೈ ಹೊದಿಕೆಯ ಹೊರಗೆ ಬಂದಿದೆ. ಬೇಗ ಬರೆಯಬೇಕು.

ಕ್ಲಿಫ್, ಆ ಪಾರಿವಾಳ ಛಾವಣಿ ಮೇಲೆ ಕೂತ ಮೇಲೆ ಏನಾಯ್ತು?