ಲೆಕ್ಕ ತಿಂದ ಹುಡುಗಿ

ಸೆಪ್ಟೆಂಬರ್ ೧೪, ಭಾನುವಾರ

ಪ್ರೀತಿಯ ಪುಟ್ಟೀ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯದ ಅಕ್ಕನನ್ನು ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ. ಬೈದಿದ್ದರೆ ತಪ್ಪಿಲ್ಲ, ಇನ್ನೆರಡು ಸೇರಿಸಿಕೋ. ಸೊಂಟದ ನೋವು ಹೇಗಿದೆ? ಹೊಲಿಗೆ ಮಿಷನ್ನಿನ ಮುಂದೆ ಆ ಸ್ಟೂಲಿನ ಮೇಲೆ ಕೂರಬೇಡ, ಬೆನ್ನಿಗೆ ಆಸರೆ ಇರುವ ಕುರ್ಚಿ ತರಿಸಿಕೋ ಎಂದು ನಿನ್ನ ಭಾವನೂ ಹೇಳಿದರು. ನಾವೆಲ್ಲ ಚೆನ್ನಾಗಿದ್ದೇವೆ. ಹೀಗೆ ಬರೆದ ಮೇಲೆ ಆ ಸಾಲನ್ನು ಇನ್ನೊಮ್ಮೆ ಓದಿದೆ. ಇರಲಿ, ಬರೆದದ್ದನ್ನು ಹೊಡೆದುಹಾಕುವುದಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅರ್ಧಕ್ಕೇ "ಹೋಗ್ಲಿ ಬಿಡಕ್ಕಾ" ಅಂದುಬಿಡುತ್ತೀಯ. ನನಗೆ ಬಿಡುವುದಕ್ಕೆ ಆಗುತ್ತಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕುವವರಿರುವುದಿಲ್ಲ.

ನನ್ನ ಮೂರನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಅವಳಿಗೆ ನಾನಿಟ್ಟ ಹೆಸರು ಚಿಲಿಪಿಲಿ. ಹಾಜರಿ ಕೂಗಿದರೆ ಬರೀ "ಎಸ್ ಮಿಸ್" ಅಂದು ಕೂರುವ ಕೂಸಲ್ಲ. "ಎಸ್ ಮಿಸ್, ಇವತ್ತು ನಮ್ಮನೆ ಬೆಕ್ಕು ಬೀರು ಒಳಗೆ ಮರಿ ಹಾಕಿದೆ" ಎಂದು ಊರ ಸುದ್ದಿಯನ್ನೆಲ್ಲ ಸೇರಿಸಿಯೇ ಕೂರುವವಳು. ಅಂಥವಳು ಭಾಗಾಕಾರ ಶುರುವಾದ ಮೇಲೆ ಮಾತು ಕಡಿಮೆ ಮಾಡಿದಳು. ಆಮೇಲೆ ಮಾತೇ ಬಿಟ್ಟಳು. ನಾನು ಜ್ವರವಿರಬಹುದು ಅಂದುಕೊಂಡೆ. ಮನೆಯಲ್ಲಿ ಏನೋ ನಡೆದಿರಬಹುದು ಅಂದುಕೊಂಡೆ. ನಾನು ದಿನಾ ಕೊಡುತ್ತಿದ್ದ ಹೋಮ್‌ವರ್ಕ್ ಹಾಳೆಯ ಕಡೆಗೆ ಮಾತ್ರ ನನ್ನ ತಲೆ ಓಡಲಿಲ್ಲ.

ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಮಕ್ಕಳು ಒಳಗೆ ಬರುತ್ತಿದ್ದ ಹಾಗೇ ಚಿಲಿಪಿಲಿ ಬೆಂಚಿನ ಪಕ್ಕದಲ್ಲಿ ಬಗ್ಗಿ ವಾಂತಿ ಮಾಡಿದಳು. ಆಯಾ ಬಕೆಟ್ಟು ತರಲು ಓಡಿದಳು. ನಾನು ಹುಡುಗಿಯ ಹಣೆ ಹಿಡಿದುಕೊಂಡು ಕೆಳಗೆ ನೋಡುತ್ತೇನೆ, ಕಾಗದ! ಮುದ್ದೆಮುದ್ದೆಯಾಗಿ ಒದ್ದೆ ಕಾಗದ. ಒಂದು ತುಣುಕಿನ ಮೇಲೆ ಭಾಗಾಕಾರದ ಗೆರೆ ಕೂಡ ಕಾಣುತ್ತಿತ್ತು.

"ಏನಮ್ಮಾ ಇದು?"

"ಲೆಕ್ಕ, ಮಿಸ್."

"ತಿಂದ್ಯಾ? ಯಾಕೆ ತಿಂದೆ?"

"ಹರಿದು ಹಾಕಿದ್ರೆ ಕಸದ ಬುಟ್ಟೀಲಿ ಅಮ್ಮನಿಗೆ ಸಿಗತ್ತೆ, ಮಿಸ್."

ಹಿಂದಿನ ಬೆಂಚಿನಿಂದ ಯಾವನೋ ತುಂಟ "ಮಿಸ್, ಉತ್ತರ ಹೊಟ್ಟೇಲಿದೆ!" ಎಂದ. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. ನನ್ನ ಸೆರಗಿನಿಂದಲೇ ಬಾಯಿ ಒರೆಸಿಕೊಂಡು, "ಅಮ್ಮನಿಗೆ ಹೇಳ್ತೀರಾ?" ಎಂದು ಕೇಳಿದಳು. ಎಂಟು ವರ್ಷದ ಕೂಸು ಪುಟ್ಟೀ, ಎಂಭತ್ತನಾಲ್ಕನ್ನು ಏಳರಿಂದ ಭಾಗಿಸಲು ಹೆದರಿ ಎಂಭತ್ತನಾಲ್ಕನ್ನೇ ನುಂಗಿಬಿಟ್ಟಿತ್ತು.

ಅವತ್ತಿನಿಂದ ಮೂರನೇ ಕ್ಲಾಸಿಗೆ ಲೆಕ್ಕದ ಹೋಮ್‌ವರ್ಕ್ ನಿಲ್ಲಿಸಿಬಿಟ್ಟೆ. ಹಾಗಂತ ಕೈ ಕಟ್ಟಿ ಕೂರಲಿಲ್ಲ. ನೀನು ಕಳಿಸಿದ ಗುಂಡಿಗಳ ಡಬ್ಬಿಯನ್ನು ಸ್ಕೂಲಿಗೆ ತೆಗೆದುಕೊಂಡು ಹೋದೆ. ನೆಲದ ಮೇಲೆ ಗುಂಪುಗುಂಪಾಗಿ ಕೂರಿಸಿ, "ಇಷ್ಟು ಗುಂಡಿ, ಇಷ್ಟು ಅಂಗಿ, ಒಂದಕ್ಕೆ ಎಷ್ಟು ಬರತ್ತೆ, ಮಿಕ್ಕಿದ್ದೆಷ್ಟು?" ಎಂದು ಹಂಚಲು ಹಚ್ಚಿದೆ. ಮಿಕ್ಕಿದ ಗುಂಡಿ ಯಾರಿಗೆ ಸೇರಬೇಕು ಎಂದು ಅವರು ಜಗಳವಾಡಿದ ಮೇಲೆ ಶೇಷ ಅಂದರೇನು ಎಂದು ನಾನು ಬೋರ್ಡಿನಲ್ಲಿ ವಿವರಿಸುವ ಅಗತ್ಯವೇ ಬೀಳಲಿಲ್ಲ. ತಪ್ಪು ಮಾಡುವಾಗಲೇ ಪಕ್ಕದಲ್ಲಿ ನಾನಿರುತ್ತಿದ್ದೆ, ಅಲ್ಲೇ ತಿದ್ದುತ್ತಿದ್ದೆ. ಚಿಲಿಪಿಲಿ ಮೊದಲು ಒಂದು ಗುಂಡಿ ಕದ್ದಳು, ಆಮೇಲೆ ಒಂದು ಮಾತಾಡಿದಳು, ಆಮೇಲೆ ನಿಲ್ಲಿಸಲೇ ಇಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷ.

ಆ ಸಂತೋಷ ಎಷ್ಟು ದಿನ ಬಾಳೀತು ಹೇಳು? ಫೋನುಗಳು ಶುರುವಾದವು. "ಡೈರಿ ಖಾಲಿ ಇದೆಯಲ್ಲ ಮಿಸ್?" "ಪಕ್ಕದ ಸೆಕ್ಷನ್ನಿಗೆ ಕೊಡ್ತಾರೆ, ನಮ್ಮ ಮಗು ಏನು ಪಾಪ ಮಾಡಿದೆ?" "ಫೀಸಲ್ಲಿ ಏನಾದ್ರೂ ಕಡಿಮೆ ಮಾಡ್ತೀರಾ?" ನಾನು ಒಲೆಯ ಮುಂದೆ ನಿಂತಿದ್ದರೆ ನಮ್ಮ ಮರಿ ಗುಣುಗುಟ್ಟುವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ತಂದು "ಅಮ್ಮಾ, ಇನ್ನೊಬ್ರು" ಅನ್ನುತ್ತಿದ್ದಳು. ನಿನ್ನ ಭಾವ ಪ್ರೆಸ್ಸಿನಿಂದ ತಡವಾಗಿ ಬಂದು ಊಟಕ್ಕೆ ಕೂತಾಗಲೂ ನನ್ನ ಕಿವಿಯಲ್ಲಿ ಫೋನು. "ಊರಿಗಿಲ್ಲದ ಉಸಾಬರಿ ನಿನಗ್ಯಾಕೆ? ಎರಡು ಲೆಕ್ಕ ಬರೆದುಕೊಟ್ಟು ಕೈ ತೊಳ್ಕೋಬಾರ್ದಾ?" ಅಂದರು. ನಾನು ಇನ್ನೊಂದು ಕೈಯಲ್ಲಿ ಅವರಿಗೆ ಸಾರು ಬಡಿಸಿದೆ.

ನಮ್ಮ ದೊಡ್ಡ ಮೇಡಂ ಬಗ್ಗೆ ನಿನಗೆ ಗೊತ್ತಲ್ಲ, ನಮ್ಮ ಹೆಡ್‌ಮಿಸ್ಟ್ರೆಸ್ಸು. ಅವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬಾಗಿಲು ಮುಂದೆ ಮಾಡಿ, "ನೀನು ಮಾಡ್ತಿರೋದು ಸರಿ ಕಣಮ್ಮ. ನನ್ನ ಮೊಮ್ಮಗ ಸಂಜೆ ಆದ್ರೆ ಲೆಕ್ಕದ ಪುಸ್ತಕ ನೋಡಿ ಮಂಚದ ಕೆಳಗೆ ಹೋಗಿ ಮಲಗ್ತಾನೆ. ಈ ವಯಸ್ಸಿಗೆ ಇದೆಲ್ಲ ಬೇಕಾ? ಪೋಷಕರ ಸಭೆ ಕರೀತೀನಿ, ನೀನು ಧೈರ್ಯವಾಗಿ ಹೇಳು, ನಿನ್ನ ಹಿಂದೆ ನಾನಿದೀನಿ" ಎಂದರು. ಹಿಂದೆ ಇದ್ದದ್ದು ನಿಜ ಪುಟ್ಟೀ. ಸಭೆಯಲ್ಲಿ ನನ್ನ ಹಿಂದಿನ ಕುರ್ಚಿಯಲ್ಲೇ ಕೂತಿದ್ದರು.

ಮೂರನೇ ಕ್ಲಾಸಿನ ಕೋಣೆಯಲ್ಲೇ ಸಭೆ. ದೊಡ್ಡವರೆಲ್ಲ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಹಾಗೆ ಕೂತವರಿಗೆ ಸಿಟ್ಟು ಬರುವುದು ಸಹಜವೇ. ಮೊದಲು ಎದ್ದವರು ಒಬ್ಬ ಹಲ್ಲಿನ ಡಾಕ್ಟರು.

"ನೋಡಿ ಮಿಸ್, ನಾನು ಹಲ್ಲು ಕೀಳುವಾಗ ನನ್ನ ಕೈ ನಡುಗಲ್ಲ. ಯಾಕೆ? ಅಭ್ಯಾಸ. ಮಾಡಿದ್ದನ್ನೇ ಮಾಡಿ ಮಾಡಿ ಬಂದಿದ್ದು. ಲೆಕ್ಕಾನೂ ಹಾಗೇ."

"ಒಪ್ಪಿದೆ ಸರ್. ಆದ್ರೆ ಆ ಅಭ್ಯಾಸ ಎಲ್ಲಿ ಮಾಡಿದ್ರಿ? ಕಾಲೇಜಲ್ಲಿ, ಮೇಷ್ಟ್ರು ಪಕ್ಕದಲ್ಲಿ ನಿಂತಿರುವಾಗ. ಸಂಜೆ ಮನೆಗೆ ಹೋಗಿ ನಿಮ್ಮ ತಂದೆಯವರ ಹಲ್ಲು ಕೀಳಲಿಲ್ಲ ತಾನೇ?"

ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು. ನಾನು ಗೆದ್ದೆ ಅಂದುಕೊಂಡೆ. ಆಗ ಎದ್ದು ನಿಂತವಳು ಯಾರು ಗೊತ್ತೇ? ಚಿಲಿಪಿಲಿಯ ಅಮ್ಮ. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವ ಹೆಂಗಸು. ಕಾಗದ ತಿಂದ ಸುದ್ದಿ ಅವಳಿಗೂ ಮುಟ್ಟಿತ್ತು. ನನ್ನ ಪರವಾಗಿ ಒಬ್ಬರಾದರೂ ಮಾತಾಡುವುದಾದರೆ ಅದು ಇವಳೇ ಎಂದು ನಂಬಿ ಕಾದಿದ್ದೆ.

"ಕಾಗದ ತಿಂದಿದ್ದು ಹಟ ಮಿಸ್. ಒಂದು ಹಟಕ್ಕೆ ನೀವು ಸೋತ್ರೆ ನಾಳೆ ವಿಜ್ಞಾನಾನೂ ತಿಂತಾಳೆ, ಸಮಾಜಾನೂ ತಿಂತಾಳೆ. ಇವಳ ದೊಡ್ಡಪ್ಪನ ಮಗ ಬೇರೆ ಸ್ಕೂಲಲ್ಲಿ ಹದಿನಾರರ ಮಗ್ಗಿ ನಿದ್ದೇಲೂ ಹೇಳ್ತಾನೆ. ಇವಳು ಮನೆಗೆ ಬಂದು ಗುಂಡಿ ಆಟ ಆಡಿದ್ವಿ ಅಂತಾಳೆ. ನಾನೇನು ತಿಳ್ಕೊಳ್ಳಲಿ?"

ನನ್ನ ರಕ್ತ ಕುದಿಯಿತು. "ನಿಮ್ಮ ಮಗಳು ನಿಮಗೆ ಹೆದರಿ ಕಾಗದ ನುಂಗಿದ್ದು. ಅದು ನಿಮಗೆ ಅರ್ಥ ಆಗಲ್ವಾ?" ಅಂದುಬಿಟ್ಟೆ. ಅಷ್ಟು ಜನರ ಎದುರಿಗೆ. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರಲ್ಲ, ಅದನ್ನು ಹಲ್ಲಿನ ಡಾಕ್ಟರ ಎದುರಿಗೇ ಸಾಬೀತು ಮಾಡಿದೆ. ಅಲ್ಲಿಯವರೆಗೆ ಸುಮ್ಮನಿದ್ದವರೂ ಎದ್ದು ನಿಂತರು. "ತಾಯಿ ತಂದೆ ಮೇಲೆ ತಪ್ಪು ಹೊರಿಸ್ತೀರಾ?" ಎಂದು ಒಬ್ಬರು. "ಪಾಠ ಮಾಡೋದು ನಿಮ್ಮ ಕೆಲಸ, ನಮಗೆ ಬುದ್ಧಿ ಹೇಳೋದಲ್ಲ" ಎಂದು ಇನ್ನೊಬ್ಬರು.

ನಾನು ತಿರುಗಿ ದೊಡ್ಡ ಮೇಡಂ ಮುಖ ನೋಡಿದೆ. ಅವರು ಎದ್ದು ಸೀರೆ ಸರಿಮಾಡಿಕೊಂಡು, "ಇಬ್ಬರ ಮಾತಲ್ಲೂ ಸತ್ಯ ಇದೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಆಮೇಲೆ ದೀಪವನ್ನು ಪೂರ್ತಿ ಪೋಷಕರ ಕಡೆಗೇ ಇಳಿಸಿದರು. ಸೋಮವಾರದಿಂದ ದಿನಾ ಹತ್ತು ಲೆಕ್ಕ, ತಂದೆ ಅಥವಾ ತಾಯಿಯ ಸಹಿಯೊಂದಿಗೆ. ನಾನು ಒಪ್ಪದಿದ್ದರೆ ಕ್ಲಾಸನ್ನು ಬೇರೆಯವರಿಗೆ ಕೊಡುತ್ತಾರಂತೆ. ಮಂಚದ ಕೆಳಗೆ ಮಲಗುವ ಮೊಮ್ಮಗನ ಸುದ್ದಿ ಅವರ ಬಾಯಿಂದ ಬರಲೇ ಇಲ್ಲ. ನನಗೆ ಹೇಳಬೇಕೆನಿಸಿತು. ಹೇಳಲಿಲ್ಲ. ಯಾರ ಮನೆಯ ಮಗುವೋ, ಪಾಪ, ಅದನ್ನೇಕೆ ಬೀದಿಗೆ ಎಳೆಯಲಿ?

ಗೇಟಿನ ಹತ್ತಿರ ಚಿಲಿಪಿಲಿಯ ಅಮ್ಮ ನಿಂತಿದ್ದಳು. ನಾನು ಮುಖ ತಿರುಗಿಸಿಕೊಂಡು ಹೊರಟೆ. ಅವಳೇ ಹಿಂದೆ ಬಂದಳು.

"ಮಿಸ್, ಸಂಜೆ ಸಂಜೆ ಅವಳ ಜೊತೆ ಕಿತ್ತಾಡೋದು ನನಗೂ ಬೇಡ. ದಿನವಿಡೀ ನಿಂತು ನಿಂತು ಕಾಲು ಬಿದ್ದುಹೋಗಿರತ್ತೆ. ಆದ್ರೆ ನಾನೇ ಬಿಟ್ಟುಕೊಟ್ಟೆ ಅಂತಾದ್ರೆ, ಮುಂದೆ ದೊಡ್ಡವಳಾದ್ಮೇಲೆ, 'ಎಲ್ಲರ ಅಮ್ಮಂದಿರು ಓದಿಸಿದ್ರು, ನೀನ್ಯಾಕೆ ಓದಿಸಲಿಲ್ಲ' ಅಂತ ಅವಳು ಕೇಳಿದ್ರೆ ಏನು ಹೇಳ್ಲಿ?"

ಸಭೆಯಲ್ಲಿ ಪಟಪಟನೆ ಉತ್ತರ ಕೊಟ್ಟವಳು ಇಲ್ಲಿ "ಬಸ್ಸಿಗೆ ಹೊತ್ತಾಯ್ತು" ಎಂದು ಬಂದುಬಿಟ್ಟೆ. ದಾರಿಯುದ್ದಕ್ಕೂ ಅವಳ ಮೇಲಿನ ಸಿಟ್ಟನ್ನು ಹಿಡಿದುಕೊಳ್ಳಲು ನೋಡಿದೆ, ನಿಲ್ಲಲಿಲ್ಲ. ಸಿಟ್ಟಿಗೂ ಒಬ್ಬ ಸರಿಯಾದ ಶತ್ರು ಬೇಕಲ್ಲ!

ಸೋಮವಾರ ಬೋರ್ಡಿನ ಮೇಲೆ ಹತ್ತು ಲೆಕ್ಕ ಬರೆದೆ. ಸೀಮೆಸುಣ್ಣ ಎರಡು ಸಲ ಮುರಿಯಿತು. ಮಕ್ಕಳು ತಲೆ ಬಗ್ಗಿಸಿ ಪುಸ್ತಕಕ್ಕೆ ಇಳಿಸಿಕೊಂಡರು. ಗಂಟೆ ಹೊಡೆದ ಮೇಲೆ ಎಲ್ಲರೂ ಹೋದರು, ಚಿಲಿಪಿಲಿ ಮಾತ್ರ ಚೀಲ ಬೆನ್ನಿಗೇರಿಸಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಮಿಸ್, ಇದನ್ನ ಇಲ್ಲೇ ಮಾಡ್ಕೊಂಡು ಹೋಗ್ಲಾ? ಅಮ್ಮ ಬರೋದು ಲೇಟು."

"ಅದು ಮನೆಗೆ ಕೊಟ್ಟಿದ್ದಲ್ವೇನೇ?"

"ಮನೇಲಿ ನೀವು ಇರಲ್ವಲ್ಲ, ಮಿಸ್."

ಅವಳನ್ನು ವರಾಂಡದ ಮೆಟ್ಟಿಲ ಮೇಲೆ ಕೂರಿಸಿಕೊಂಡೆ. ಮಾರನೆಯ ದಿನ ಅವಳ ಜೊತೆಗೆ ಇನ್ನಿಬ್ಬರು ಬಂದರು. ಈಗ ಮೆಟ್ಟಿಲ ತುಂಬ ಮಕ್ಕಳು. ವಾಚ್‌ಮನ್ನು ಬೀಗದ ಕೈ ಜಣಜಣ ಅಲ್ಲಾಡಿಸುತ್ತಾ, "ಮಿಸ್, ನಿಮಗೆ ಮನೆ ಮಠ ಇಲ್ವಾ?" ಎಂದು ಕೇಳುತ್ತಾನೆ. ಮಕ್ಕಳ ಡೈರಿ ತುಂಬಿದೆ, ಪೋಷಕರಿಗೆ ಸಮಾಧಾನ, ದೊಡ್ಡ ಮೇಡಂ ಸ್ಟಾಫ್‌ರೂಮಿನಲ್ಲಿ ನನ್ನನ್ನು ಹೊಗಳುತ್ತಾರೆ. ನಡು ಮುರಿದುಕೊಂಡವಳು ನಾನು. ಹೋಮ್‌ವರ್ಕ್ ಬೇಡ ಎಂದು ಕೂಗಿದವಳೇ ಈಗ ಇಡೀ ಕ್ಲಾಸಿನ ಹೋಮ್‌ವರ್ಕ್ ಮಾಡಿಸುತ್ತಿದ್ದೇನೆ, ಇದಕ್ಕಿಂತ ತಮಾಷೆ ಬೇಕಾ?

ಹಾಗಂತ ನಾನು ಹೇಳಿದ್ದು ತಪ್ಪು ಎಂದು ಈಗಲೂ ಅನ್ನಿಸುತ್ತಿಲ್ಲ ಪುಟ್ಟೀ. ಅಷ್ಟು ಸಣ್ಣ ಮಕ್ಕಳು ಸಂಜೆ ಆಡಬೇಕು, ಬೀಳಬೇಕು, ಮಂಡಿ ತರಚಿಕೊಂಡು ಬರಬೇಕು. ಲೆಕ್ಕ ಎಲ್ಲಿಗೆ ಓಡಿಹೋಗುತ್ತದೆ? ಇದನ್ನು ಹೇಳಿದರೆ ಎಲ್ಲರೂ ತಲೆದೂಗುತ್ತಾರೆ, ಒಬ್ಬೊಬ್ಬರನ್ನೇ ಕೇಳಿದರೆ. ಸೇರಿಸಿ ಕೇಳಿದರೆ ಮಾತ್ರ ಹತ್ತು ಲೆಕ್ಕ ಬೇಕು. ಈ ಗಣಿತ ನನಗೆ ಈ ಜನ್ಮದಲ್ಲಿ ಅರ್ಥವಾಗುವುದಿಲ್ಲ.

ಕಾಗದ ಉದ್ದವಾಯಿತು. ಕೊರೆದೆ ಎಂದುಕೊಳ್ಳಬೇಡ, ನಿನ್ನ ಬಿಟ್ಟರೆ ಯಾರ ಹತ್ತಿರ ಕೊರೆಯಲಿ? ಔಷಧಿ ತಪ್ಪಿಸಬೇಡ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮನೆ ತಣ್ಣಗಿರಲಿ, ನಿನ್ನ ಮಿಷನ್ನಿನ ಸದ್ದು ನಿಲ್ಲದಿರಲಿ, ನೀನು ನೂರು ಕಾಲ ನಗುತ್ತಾ ಬಾಳು.

ನಿನ್ನ
ಅಕ್ಕ

ತಾ.ಕ.: ಕವರು ಅಂಟಿಸಲು ಹೋಗಿ ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಕಳಿಸಿದರೆ ಮೇಲೆ ಬರೆದದ್ದೆಲ್ಲ ಸುಳ್ಳಿನ ಹಾಗೆ.

ಶುಕ್ರವಾರ ನಾನು ಮನೆ ಸೇರುವಾಗ ಬೀದಿ ದೀಪ ಹತ್ತಿತ್ತು. ಮರಿ ತನ್ನ ಬಟ್ಟೆಗಳನ್ನೆಲ್ಲ ಮಡಚಿ ಮಂಚದ ಮೇಲೆ ಸಾಲಾಗಿ ಇಟ್ಟುಕೊಂಡಿದ್ದಳು. ಚಳಿಯ ಸ್ವೆಟರು ಕೂಡ. "ಎಲ್ಲಿಗೆ ಹೊರಟಿತು ಸವಾರಿ?" ಎಂದೆ. "ರಜಕ್ಕೆ ಚಿಕ್ಕಮ್ಮನ ಮನೆಗೆ. ಆಮೇಲೆ ಅಲ್ಲೇ ಸ್ಕೂಲಿಗೂ ಸೇರ್ಕೋತೀನಿ" ಅಂದಳು. ಅಳುವಿಲ್ಲ, ಮುನಿಸಿಲ್ಲ. ಅಂಗಡಿಗೆ ಹೋಗಿ ಬರ್ತೀನಿ ಅನ್ನುವ ಹಾಗೆ ಹೇಳಿದಳು. ಹಟ ಮಾಡಿದ್ದರೆ ಗದರಬಹುದಿತ್ತು. "ಚಿಕ್ಕಮ್ಮನ ಮನೇಲಿ ಅಂಥದ್ದೇನಿದೆ?" ಎಂದು ನಗುತ್ತಲೇ ಕೇಳಿದೆ.

"ಏನೂ ಇಲ್ಲ. ಚಿಕ್ಕಮ್ಮನಿಗೆ ಸ್ಕೂಲ್ ಇಲ್ವಲ್ಲ."

ಅವಳು ನಿನಗೆ ಫೋನ್ ಮಾಡುತ್ತಾಳೆ, ನನಗೆ ಗೊತ್ತು. ಕೇಳಿದರೆ "ಬಾ" ಅನ್ನು. ಇಷ್ಟವಾದದ್ದು ಮಾಡಿಕೊಡು, ಪಕ್ಕದಲ್ಲಿ ಕೂರಿಸಿಕೋ. "ಇಲ್ಲೇ ಇದ್ದುಬಿಡು" ಅಂತ ಮಾತ್ರ, ತಮಾಷೆಗೂ, ಅನ್ನಬೇಡ ಪುಟ್ಟೀ. ಅವಳು ಇದ್ದುಬಿಡುತ್ತಾಳೆ.