ತೂಕ ನೋಡುವ ಮೊದಲು ಮಾತು ಕೇಳಿ

ಮಹಿಳಾ ಚಿಕಿತ್ಸಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ವಿಭಾಗದ ಬಾಗಿಲಲ್ಲಿ ತೂಕದ ಯಂತ್ರ ಇಡಿಸಿದವರು ಯಾರು, ಏಕೆ ಎಂಬುದನ್ನು ತಿಳಿಯುವ ಹಕ್ಕು ನನಗಿದೆ. ಅದರ ಮುಳ್ಳು ಕೆಂಪು ಗೆರೆ ದಾಟಿದರೆ ಬಂದವಳನ್ನು ವೈದ್ಯರ ಬಳಿ ಬಿಡದೆ ಪಥ್ಯ ಹೇಳುವ ಕೋಣೆಗೆ ಅಟ್ಟುತ್ತೀರಿ. ಏನಾಗಿದೆ ಎಂದು ಕೇಳುವ ಗೋಜಿಗೂ ಹೋಗುವುದಿಲ್ಲ. ಇದು ನಮ್ಮ ಆರೋಗ್ಯದ ಕಾಳಜಿಯೋ, ವೈದ್ಯರ ಮುಂದಿನ ಸಾಲು ಕರಗಿಸುವ ಉಪಾಯವೋ? ನನಗಂತೂ ಎರಡನೆಯದರ ಮೇಲೇ ಗುಮಾನಿ.

ನನ್ನ ಅಕ್ಕ ಬೇಕರಿಯಲ್ಲಿ ಹಿಟ್ಟು ನಾದುವವಳು. ದಪ್ಪ ಮೈ, ದೊಡ್ಡ ನಗು. ಮುಟ್ಟು ನಿಂತು ವರ್ಷಗಳೇ ಆದ ಮೇಲೆ ಮತ್ತೆ ರಕ್ತ ಕಂಡಾಗ, "ಹೋದ ವಯಸ್ಸು ದಾರಿ ತಪ್ಪಿ ವಾಪಸ್ ಬಂದಿದೆ ಕಣೇ" ಎಂದು ತಮಾಷೆ ಮಾಡಿದಳು. ನಾನೇ ಅವಳನ್ನು ನಿಮ್ಮಲ್ಲಿಗೆ ಎಳೆತಂದೆ. ಯಂತ್ರದ ಬಳಿ ಕೂತಿದ್ದ ನಿಮ್ಮ ಸಿಬ್ಬಂದಿಗೆ, "ಮೇಡಂ, ನಂಗೆ ಬ್ಲೀಡಿಂಗ್ ಆಗ್ತಿದೆ" ಎಂದಳು.

"ಮೊದ್ಲು ತೂಕ ಇಳಿಸ್ಕೊಳ್ಳಮ್ಮ, ಎಲ್ಲಾ ತಾನಾಗೇ ಸರಿಹೋಗುತ್ತೆ."

ಸಿಹಿ ಬಿಡು, ಎಣ್ಣೆ ಬಿಡು ಎಂದರು. ಬಿಟ್ಟಳು. ಬಂದಾಗಲೆಲ್ಲ ಮುಳ್ಳು ಇಳಿಯಿತು, ರಕ್ತ ಮಾತ್ರ ನಿಲ್ಲಲಿಲ್ಲ. ಪಥ್ಯದ ಕೋಣೆಯವರು ಅವಳನ್ನು ಎದುರಿಗೆ ನಿಲ್ಲಿಸಿ ಉಳಿದವರಿಂದ ಚಪ್ಪಾಳೆ ಹೊಡೆಸಿದರು. ಊಟ ಸೇರದೆ ಕರಗುತ್ತಿದ್ದವಳಿಗೆ ಚಪ್ಪಾಳೆ. ಕಡೆಗೂ ಗೆರೆಯ ಕೆಳಗಿಳಿದು ವೈದ್ಯರ ಮುಂದೆ ಕೂತಾಗ ಅವರು ಕೇಳಿದ್ದೇನು ಗೊತ್ತೇ? "ಇಷ್ಟು ದಿನ ಏನ್ ಮಾಡ್ತಿದ್ರಿ?" ಸ್ಕ್ಯಾನ್ ಆಯಿತು, ತುಣುಕು ತೆಗೆದು ಪರೀಕ್ಷೆಯೂ ಆಯಿತು. ಗರ್ಭಾಶಯದ ಒಳಪೊರೆಯ ಕ್ಯಾನ್ಸರ್, ಆಗಲೇ ಹೊಟ್ಟೆಯೊಳಗೆಲ್ಲ ಹರಡಿತ್ತು.

ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ತೋರಿಸಬೇಕು, ಮೈಭಾರ ಹೆಚ್ಚಿರುವವರಿಗೆ ಈ ಕಾಯಿಲೆಯ ಅಪಾಯವೂ ಹೆಚ್ಚು, ಬೇಗ ಸಿಕ್ಕಿದರೆ ಬಹುಪಾಲು ಗುಣವಾಗುತ್ತದೆ ಎಂದು ಆ ವೈದ್ಯರೇ ಹೇಳಿದರು. ಹಾಗಾದರೆ ಯಾರನ್ನು ಮೊದಲು ಒಳಗೆ ಬಿಡಬೇಕಿತ್ತೋ ಅವರನ್ನೇ ಹುಡುಕಿ ಹುಡುಕಿ ಹೊರಗೆ ನಿಲ್ಲಿಸಿದ್ದೀರಿ. ಇದು ನಿಮಗೆ ತಿಳಿದಿರಲಿಲ್ಲವೇ? ದಯವಿಟ್ಟು ನನ್ನ ಕಿವಿಗೆ ಹೂವಿಡಬೇಡಿ. ತಿಳಿಯದಿದ್ದರೆ ಆ ಕುರ್ಚಿ ನಿಮಗೇಕೆ, ತಿಳಿದೂ ಸುಮ್ಮನಿದ್ದರೆ ಅದಕ್ಕೆ ಏನೆನ್ನಬೇಕು?

ರಕ್ತ ಹೋಗುತ್ತಿದೆ ಎಂದವಳನ್ನು, ಅವಳು ಎಷ್ಟೇ ದಪ್ಪವಿರಲಿ, ಅದೇ ದಿನ ವೈದ್ಯರು ನೋಡಬೇಕು. ಪಥ್ಯ ಆಮೇಲೆ ಹೇಳಿ, ಕೇಳುತ್ತೇವೆ. ಇದೇ ನನ್ನ ಬೇಡಿಕೆ.

ಅಕ್ಕನಿಗೆ ಈಗ ಹಾಸಿಗೆಯಿಂದ ಏಳಲಾಗುವುದಿಲ್ಲ. ಮುಟ್ಟು ನಿಂತಿದ್ದ ನನಗೂ ಮೊನ್ನೆಯಿಂದ ರಕ್ತ ಕಾಣಿಸುತ್ತಿದೆ. ಅವಳಿಗೆ ಇನ್ನೂ ಹೇಳಿಲ್ಲ, ಹೇಳಲು ಭಯ. ನಾನು ಅವಳಿಗಿಂತಲೂ ದಪ್ಪ. ಸೋಮವಾರ ಬರುತ್ತಿದ್ದೇನೆ. ವೈದ್ಯರು ನೋಡುವ ತನಕ ನಿಮ್ಮ ಬಾಗಿಲು ಬಿಟ್ಟು ಕದಲುವುದಿಲ್ಲ.

ಇಂತಿ,
'ತಮ್ಮ ವಿಶ್ವಾಸಿ' ಎಂದು ಬರೆಯಲು ಕೈಬಾರದ
ಒಬ್ಬ ತಂಗಿ